ಒತ್ತಕ್ಷರಕ್ಕೂ ಒಂದು ಬಿಟ್ ಇರಲಿ

"ಕನ್ನಡ ಅಕ್ಷರ ಸಿಎನ್‌ಸಿ ಮೆಷಿನ್‌ನಲ್ಲಿ ನೀಟಾಗಿ ಬರಲ್ಲ." ಈ ಸೆಮಿಸ್ಟರ್‌ನಲ್ಲಿ ಈ ಮಾತನ್ನು ನಾನು ಮೂರು ಜನರ ಬಾಯಲ್ಲಿ ಕೇಳಿದೆ. ಒಬ್ಬರು ವರ್ಕ್‌ಶಾಪ್‌ನವರು, ಒಬ್ಬರು ನಮ್ಮ ಸೀನಿಯರ್, ಇನ್ನೊಬ್ಬರು ಬೋರ್ಡ್ ಮಾಡಿಕೊಡುವ ಅಂಗಡಿಯವರು. ಮೂವರೂ ಕನ್ನಡದವರೇ. ಯಾರೂ ಕನ್ನಡದ ಮೇಲೆ ಕೋಪ ಇಟ್ಟುಕೊಂಡು ಹೇಳಿದ್ದಲ್ಲ. ಮಳೆಗಾಲದಲ್ಲಿ ಬಟ್ಟೆ ಬೇಗ ಒಣಗಲ್ಲ ಅಂತೀವಲ್ಲ, ಅಷ್ಟು ಸಹಜವಾಗಿ ಹೇಳಿದರು. ಆ ಸಹಜತೆಯೇ ನನಗೆ ಸರಿ ಕಾಣಲಿಲ್ಲ.

ನನ್ನ ವಾದ ಚಿಕ್ಕದು. ಒಂದೇ ಬಿಟ್ ಹಾಕಿ ಕೆತ್ತಿದರೆ ಕನ್ನಡ ನೀಟಾಗಿ ಬರಲ್ಲ, ಒಪ್ತೀನಿ. ಮೂರು ಬಿಟ್ ಬದಲಾಯಿಸಿ ಕೆತ್ತಿದರೆ ಚೆನ್ನಾಗೇ ಬರುತ್ತೆ. ಅಂದ್ರೆ "ಬರಲ್ಲ" ಅನ್ನೋ ಮಾತಿನ ಪೂರ್ತಿ ಅರ್ಥ "ಬಿಟ್ ಬದಲಾಯಿಸುವಷ್ಟು ಟೈಮ್ ಕನ್ನಡಕ್ಕೆ ಕೊಡಲ್ಲ" ಅಂತ. ಇದು ಮೆಷಿನ್‌ನ ಮಿತಿ ಅಲ್ಲ. ನಾವು ಮಾಡಿಕೊಂಡ ಆಯ್ಕೆ.

ಈಗಲೇ ಇದನ್ನ ಬರೆಯೋಕೆ ಕಾರಣ ಇದೆ. ನಮ್ಮ ಹೊಸ ಬ್ಲಾಕ್‌ನ ರೂಮ್‌ಗಳಿಗೆ ಹೆಸರಿನ ಬೋರ್ಡ್ ಮಾಡಿಸುವ ಮಾತು ನಡೀತಿದೆ. ಸದ್ಯದ ಪ್ಲಾನ್ ಪ್ರಕಾರ ಇಂಗ್ಲಿಷ್ ಹೆಸರು ಮರದಲ್ಲಿ ಉಬ್ಬಕ್ಷರವಾಗಿ ಬರುತ್ತೆ, ಕನ್ನಡ ಹೆಸರು ಅದೇ ಮರದ ಮೇಲೆ ವಿನೈಲ್ ಸ್ಟಿಕ್ಕರ್ ಆಗಿ ಕೂರುತ್ತೆ. ಒಳ್ಳೆ ಮರ ಹತ್ತಿಪ್ಪತ್ತು ವರ್ಷ ಬಾಳುತ್ತೆ. ಸ್ಟಿಕ್ಕರ್ ಕೆಲವೇ ಬೇಸಿಗೆ ಕಂಡ ಮೇಲೆ ಅಂಚಿನಲ್ಲಿ ಸುರುಳಿ ಸುತ್ತುತ್ತೆ. ನಾವೆಲ್ಲ ಪಾಸಾಗಿ ಹೋದ ಮೇಲೆ ಬರುವ ಜೂನಿಯರ್‌ಗೆ ಆ ಗೋಡೆ ಏನು ಹೇಳುತ್ತೆ ಅಂತ ನೀವೇ ಯೋಚನೆ ಮಾಡಿ.

ಉಬ್ಬಕ್ಷರ ಅಂದ್ರೆ ಏನು

ಮೆಕ್ಯಾನಿಕಲ್ ಅಲ್ಲದವರಿಗೂ ಅರ್ಥ ಆಗಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಿಎನ್‌ಸಿ ರೌಟರ್ ಅಂದ್ರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡುವ ಒಂದು ತಿರುಗುವ ಕತ್ತಿ. ಆ ಕತ್ತಿಗೆ ವರ್ಕ್‌ಶಾಪ್‌ನಲ್ಲಿ ಎಲ್ಲರೂ ಬಿಟ್ ಅಂತಾರೆ. ಅಕ್ಷರ ಮಾಡೋಕೆ ಎರಡು ದಾರಿ ಇದೆ. ಒಂದು, ಅಕ್ಷರವನ್ನೇ ಒಳಕ್ಕೆ ಕೊರೆಯೋದು. ಹಲ್ಮಿಡಿ ಶಾಸನದಿಂದ ಹಿಡಿದು ನಮ್ಮ ಕಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಹೀಗೇ ಇವೆ. ಇನ್ನೊಂದು, ಅಕ್ಷರವನ್ನ ಹಾಗೇ ಬಿಟ್ಟು ಸುತ್ತಲಿನದ್ದನ್ನೆಲ್ಲ ಕೆರೆದು ತೆಗೆಯೋದು. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳ ಮೇಲಿನ ಕಲ್ಲಿನ ಬರಹ ನೋಡಿದವರಿಗೆ ಈ ಎರಡನೇ ದಾರಿ ಗೊತ್ತಿರುತ್ತೆ. ಅಲ್ಲಿ ಅಕ್ಷರ ಗೋಡೆಯಿಂದ ಎದ್ದು ನಿಂತಿರುತ್ತೆ.

ಒಳಕ್ಕೆ ಕೊರೆಯುವಾಗ ಬಿಟ್ ಅಕ್ಷರದ ಗೆರೆಯ ಮೇಲೆ ಓಡುತ್ತೆ. ಉಬ್ಬಕ್ಷರದಲ್ಲಿ ಬಿಟ್ ಅಕ್ಷರದ ಹೊರಗೆ, ಸಂದುಗಳಲ್ಲಿ ಓಡಬೇಕು. ಹಾಗಾಗಿ ಉಬ್ಬಕ್ಷರದಲ್ಲಿ ಮುಖ್ಯ ಆಗೋದು ಅಕ್ಷರದ ಗೆರೆ ಎಷ್ಟು ದಪ್ಪ ಅನ್ನೋದಕ್ಕಿಂತ, ಗೆರೆ-ಗೆರೆ ನಡುವಿನ ಸಂದು ಎಷ್ಟು ಅಗಲ ಅನ್ನೋದು. "ಕೊರೆದ್ರೆ ಕನ್ನಡ ಬರುತ್ತೆ, ಉಬ್ಬು ಮಾಡಿದ್ರೆ ಬರಲ್ಲ" ಅಂತ ಕೆಲವರು ಹೇಳೋದು ಇದಕ್ಕೇ.

ಇಲ್ಲಿ ಒಂದು ಸರಳ ನಿಯಮ ಇದೆ. ಬಿಟ್ ದುಂಡಗಿರುತ್ತೆ. 6 ಮಿ.ಮೀ. ಬಿಟ್ 6 ಮಿ.ಮೀ.ಗಿಂತ ಕಿರಿದಾದ ಸಂದಿಗೆ ಇಳಿಯೋಕೆ ಆಗಲ್ಲ. ಒಳಮೂಲೆಗೆ ಹೋದರೂ 3 ಮಿ.ಮೀ. ತ್ರಿಜ್ಯದ ಒಂದು ದುಂಡು ಅಲ್ಲಿ ಉಳಿಸಿಯೇ ಬರುತ್ತೆ. ಅದಕ್ಕಿಂತ ಚೂಪು ಬೇಕಂದ್ರೆ ಚಿಕ್ಕ ಬಿಟ್ ಹಾಕಬೇಕು.

ಧನ ಹೋಗಿ ದನ

ಈಗ ನಮ್ಮ ಅಕ್ಷರ ತಗೊಳ್ಳಿ. ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಡ ಮತ್ತು ಢ ಕೂಡ ಹಾಗೇ. ಪ ಮತ್ತು ಫ ಕೂಡ ಹಾಗೇ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು. ನಮ್ಮ ಕನ್ನಡ ಮೇಡಂ ಇಡೀ ಕ್ಲಾಸಿಗೆ ಆ ಸೀಳಿನ ವಿಷಯದಲ್ಲಿ ಎಷ್ಟು ಸ್ಟ್ರಿಕ್ಟ್ ಆಗಿದ್ರು ಅಂದ್ರೆ, ಸೀಳು ಬಿಟ್ಟರೆ ಅರ್ಧ ಮಾರ್ಕ್ ಕಟ್. "ಧನ ಬೇಕಾ, ದನ ಬೇಕಾ?" ಅಂತ ಕೇಳ್ತಿದ್ರು.

ಮರದ ಬೋರ್ಡಿನಲ್ಲಿ ಆ ಸೀಳು ಅಕ್ಷರದ ತಳದಿಂದ ಹೊರಚಾಚಿದ ಎರಡು-ಮೂರು ಮಿಲಿಮೀಟರ್‌ನ ಒಂದು ಚಿಕ್ಕ ಕಡ್ಡಿ. 6 ಮಿ.ಮೀ. ಬಿಟ್ ಅದರ ಎರಡೂ ಪಕ್ಕ 3 ಮಿ.ಮೀ. ತ್ರಿಜ್ಯದ ದುಂಡು ಉಳಿಸಿ ಹೋದ ಮೇಲೆ ಏನಾಗುತ್ತೆ? ಕಡ್ಡಿ ಆ ದುಂಡಿನೊಳಗೆ ಮುಳುಗಿ ಹೋಗುತ್ತೆ. ಧ ದ ತಳದಲ್ಲಿ ಒಂದು ಮಸುಕಾದ ಉಬ್ಬು ಮಾತ್ರ ಕಾಣುತ್ತೆ. ದೂರದಿಂದ ಓದಿದವರಿಗೆ ಅದು ದ. ಮೆಷಿನ್ ಸಲೀಸಾಗಿ ಧನವನ್ನ ದನ ಮಾಡಿಬಿಟ್ಟಿರುತ್ತೆ, ಅರ್ಧ ಮಾರ್ಕ್ ಕಟ್ ಮಾಡೋಕೆ ಅಲ್ಲಿ ಮೇಡಂ ಇರಲ್ಲ.

ಲೈಬ್ರರಿಯ ಬೋರ್ಡನ್ನೇ ನೋಡಿ. ಗ್ರಂಥಾಲಯ. ಗ ಕೆಳಗೆ ರ ಒತ್ತು, ಪಕ್ಕದಲ್ಲಿ ಸೊನ್ನೆ, ಥ ಹೊಟ್ಟೆಯೊಳಗೆ ಒಂದು ಚುಕ್ಕೆ. ಚುಕ್ಕೆ ಮತ್ತು ಹೊಟ್ಟೆಯ ಗೋಡೆ ನಡುವಿನ ಸಂದಿಗೆ ಬಿಟ್ ಇಳಿಯದೇ ಇದ್ದರೆ ಹೊಟ್ಟೆ ಪೂರ್ತಿ ತುಂಬಿ ಥ ಅನ್ನೋದು ಒಂದು ಗಟ್ಟಿ ಉಂಡೆ ಆಗುತ್ತೆ. ಎನ್‌ಎಸ್‌ಎಸ್ ರೂಮ್‌ನ ಬೋರ್ಡ್ ಇನ್ನೂ ಕಷ್ಟ. "ರಾಷ್ಟ್ರೀಯ" ಪದದಲ್ಲಿ ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಂಥ ಪದಗಳನ್ನ ನೋಡಿಯೇ ಜನ ಸ್ಟಿಕ್ಕರ್ ಅಂಟಿಸಿಬಿಡೋಣ ಅನ್ನೋದು.

ದುಂಡು ಬಿಟ್, ದುಂಡು ಲಿಪಿ

ಆದರೆ ಒಂದು ವಿಷಯವನ್ನ ಯಾರೂ ಗಮನಿಸಿಲ್ಲ ಅನ್ಸುತ್ತೆ. ದುಂಡು ಬಿಟ್‌ಗೆ ನಿಜವಾಗಿ ತೊಂದರೆ ಕೊಡೋದು ಚೂಪು ಒಳಮೂಲೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಇ, ಎಫ್, ಎಚ್, ಎಲ್, ಟಿ ಎಲ್ಲವೂ ಒಳಮೂಲೆಗಳೇ. ಒಂದು 'ಎಚ್' ಅಂದ್ರೆ ನಾಲ್ಕು ಚೂಪು ಒಳಮೂಲೆ. ಎಷ್ಟು ಚಿಕ್ಕ ಎಂಡ್ ಮಿಲ್ ಹಾಕಿದರೂ ಅಲ್ಲಿ ಸ್ವಲ್ಪ ದುಂಡು ಉಳಿದೇ ಉಳಿಯುತ್ತೆ. ನಮ್ಮ ಅಕ್ಷರ ಹಾಗಲ್ಲ. ತಾಳೆಗರಿಯ ನಾರು ಸೀಳದಿರಲಿ ಅಂತ ಕಂಟದಲ್ಲಿ ದುಂಡಗೆ ಬರೆದೂ ಬರೆದೂ ನಮ್ಮ ಲಿಪಿ ದುಂಡಾಯ್ತು ಅಂತ ಹೇಳ್ತಾರೆ. ರ, ಠ, ಲ, ಅ ಇವುಗಳ ದೊಡ್ಡ ಬಾಗುಗಳ ಸುತ್ತ ದುಂಡು ಬಿಟ್ ಎಲ್ಲೂ ತಡೆಯದೆ ಓಡುತ್ತೆ.

ಅಂದ್ರೆ ಆಕಾರದ ವಿಷಯದಲ್ಲಿ ಕನ್ನಡ ಈ ಮೆಷಿನ್‌ಗೆ ಇಂಗ್ಲಿಷಿಗಿಂತ ಹತ್ತಿರದ ನೆಂಟ. ಸಮಸ್ಯೆ ಇರೋದು ಗಾತ್ರದಲ್ಲಿ. ಇಂಗ್ಲಿಷ್ ದೊಡ್ಡಕ್ಷರದ ಒಂದು ಸಾಲಿನಲ್ಲಿ ಎಲ್ಲ ಅಕ್ಷರವೂ ಒಂದೇ ಎತ್ತರ, ಎಲ್ಲ ಗೆರೆಯೂ ಹೆಚ್ಚುಕಡಿಮೆ ಒಂದೇ ಅಳತೆ. ಹಾಗಾಗಿ ಅದಕ್ಕೆ ಒಂದು ಬಿಟ್ ಸಾಕಾಗುತ್ತೆ. ಕನ್ನಡದ ಒಂದೇ ಪದದಲ್ಲಿ ಎರಡು-ಮೂರು ಅಳತೆ ಇರುತ್ತೆ. ಮೂಲಾಕ್ಷರ ದೊಡ್ಡದು, ಒತ್ತು ಅದರ ಅರ್ಧ, ಸೀಳು ಮತ್ತು ಚುಕ್ಕೆ ಇನ್ನೂ ಚಿಕ್ಕವು. ಮೂರು ಅಳತೆಯ ಕೆಲಸಕ್ಕೆ ಮೂರು ಅಳತೆಯ ಕತ್ತಿ ಬೇಕು ಅನ್ನೋದು ಎಷ್ಟು ಸಾಮಾನ್ಯ ಮಾತು! ಸಾಗರ-ಸೊರಬದ ಕಡೆಯ ಗುಡಿಗಾರರು ಗಂಧದ ಪೆಟ್ಟಿಗೆ ಕೆತ್ತೋಕೆ ಒಂದೇ ಉಳಿ ಹಿಡಿದು ಕೂರ್ತಾರಾ? ಗೋಡೆ ಮೇಲೆ ಅಕ್ಷರ ಬರೆಯುವ ಪೇಂಟರ್ ಮೂಲಾಕ್ಷರಕ್ಕೆ ದಪ್ಪ ಬ್ರಷ್, ಒತ್ತಿಗೆ ಸಣ್ಣ ಬ್ರಷ್ ತಗೋತಾರೆ. ಅವರು ಯಾರೂ "ಕನ್ನಡ ಬ್ರಷ್‌ನಲ್ಲಿ ಬರಲ್ಲ" ಅಂದಿದ್ದು ನಾನಂತೂ ಕೇಳಿಲ್ಲ.

ಹಾಗಾದ್ರೆ ಚಿಕ್ಕ ಬಿಟ್ ಒಂದೇ ಹಾಕಿದ್ರೆ?

ಇದು ನ್ಯಾಯವಾದ ಪ್ರಶ್ನೆ. 1 ಮಿ.ಮೀ. ಬಿಟ್ ಎಲ್ಲ ಸಂದಿಗೂ ಇಳಿಯುತ್ತೆ, ಅದೊಂದರಲ್ಲೇ ಮುಗಿಸಿಬಿಡಬಹುದಲ್ಲ?

ಲೆಕ್ಕ ಹಾಕೋಣ. ಬೋರ್ಡ್ 600 ಮಿ.ಮೀ. ಉದ್ದ, 200 ಮಿ.ಮೀ. ಅಗಲ. ಉಬ್ಬು 3 ಮಿ.ಮೀ. ಅಕ್ಷರಗಳ ಜಾಗ ಬಿಟ್ಟು ಲೆಕ್ಕ ಮಾಡಬೇಕು, ಆದರೆ ಅಂದಾಜಿಗೆ ಇಡೀ ಬೋರ್ಡ್ ಕೆರೆಯೋದು ಅಂತಲೇ ಇಟ್ಟುಕೊಳ್ಳಿ. ಪ್ರತಿ ಸಾಲಿಗೆ ಬಿಟ್‌ನ ವ್ಯಾಸದ 40% ಪಕ್ಕಕ್ಕೆ ಸರಿಯುತ್ತೆ, ನಿಮಿಷಕ್ಕೆ 1000 ಮಿ.ಮೀ. ಓಡುತ್ತೆ ಅಂದುಕೊಳ್ಳೋಣ. 1 ಮಿ.ಮೀ. ಬಿಟ್‌ಗೆ 500 ಸಾಲು ಬೇಕು, ಅಂದ್ರೆ ಒಂದು ಪದರಕ್ಕೆ 300 ಮೀಟರ್ ಓಟ, 5 ಗಂಟೆ. ಅಷ್ಟು ಸಣ್ಣ ಬಿಟ್‌ನ್ನ ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಆಳಕ್ಕೆ ಇಳಿಸೋಕೆ ಧೈರ್ಯ ಸಾಲದು, ಹಾಗಾಗಿ 6 ಪದರ. ಒಟ್ಟು 30 ಗಂಟೆ. ಅದೇ ಕೆಲಸ 6 ಮಿ.ಮೀ. ಬಿಟ್‌ನಲ್ಲಿ 83 ಸಾಲು, 50 ಮೀಟರ್ ಓಟ, ಪದರಕ್ಕೆ 50 ನಿಮಿಷ. ಎರಡು ಪದರಕ್ಕೆ 100 ನಿಮಿಷ.

ಮುರಿಯುವ ಭಯ ಬೇರೆ ಇದೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸ್ ನೆನಪು ಮಾಡ್ಕೊಳ್ಳಿ. ಬಿಟ್ ಅಂದ್ರೆ ಒಂದು ಕ್ಯಾಂಟಿಲಿವರ್. ಅದರ ಬಾಗು ಉದ್ದದ ಘನಕ್ಕೆ ತಕ್ಕಂತೆ ಹೆಚ್ಚುತ್ತೆ, ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಕಡಿಮೆ ಆಗುತ್ತೆ. ವ್ಯಾಸ ಅರ್ಧ ಮಾಡಿದರೆ ಅದೇ ಬಲಕ್ಕೆ ಬಾಗು 16 ಪಟ್ಟು. ಪರೀಕ್ಷೆಗೆ ಅಂತ ಉರು ಹೊಡೆದ ಈ ಸೂತ್ರ ಇಲ್ಲಿ ಕೈಯಲ್ಲಿ ಹಿಡಿದ ಬಿಟ್‌ನಲ್ಲೇ ಕಾಣುತ್ತೆ. ಅದಕ್ಕೇ ದೊಡ್ಡ ಬಿಟ್ ದೊಡ್ಡ ಕೆಲಸ ಮಾಡಿ ಮುಗಿಸಲಿ, ಚಿಕ್ಕದು ತನ್ನಿಂದ ಮಾತ್ರ ಆಗೋದನ್ನ ಮಾಡಲಿ.

ಮೂರು ಬಿಟ್, ಮೂರು ಸರದಿ

ಮೊದಲ ಸರದಿ 6 ಮಿ.ಮೀ. ಎಂಡ್ ಮಿಲ್‌ದು. ಹಿನ್ನೆಲೆಯ ಬಯಲು ಜಾಗವನ್ನೆಲ್ಲ ಇದು ಕೆರೆಯುತ್ತೆ. ಒತ್ತುಗಳ ಹತ್ತಿರಕ್ಕೂ ಬರಲ್ಲ. ಮರಕ್ಕಾದರೆ ಡೌನ್‌ಕಟ್ ಬಿಟ್ ಒಳ್ಳೇದು. ಅಪ್‌ಕಟ್ ಬಿಟ್ ಪುಡಿಯನ್ನ ಮೇಲಕ್ಕೆ ಎಳೆಯುವಾಗ ಮರದ ನಾರನ್ನೂ ಎಳೆದು ಮೇಲಿನ ಅಂಚು ಹರಿದಂತೆ ಮಾಡುತ್ತೆ. ಉಬ್ಬಕ್ಷರದಲ್ಲಿ ಓದುವವರ ಕಣ್ಣಿಗೆ ಬೀಳೋದು ಆ ಮೇಲಿನ ಅಂಚೇ.

ಎರಡನೇ ಸರದಿ 3 ಮಿ.ಮೀ. ಎಂಡ್ ಮಿಲ್‌ದು. ಇದು ಇಡೀ ಬೋರ್ಡ್ ಮತ್ತೆ ಓಡೋದು ಬೇಡ. ದೊಡ್ಡ ಬಿಟ್ ಮುಟ್ಟದೇ ಬಿಟ್ಟ ಜಾಗಗಳಿಗೆ ಮಾತ್ರ ಹೋದ್ರೆ ಸಾಕು: ಅಕ್ಷರ-ಅಕ್ಷರದ ನಡುವೆ, ಮೂಲಾಕ್ಷರ ಮತ್ತು ಒತ್ತಿನ ನಡುವೆ, ದೊಡ್ಡ ಹೊಟ್ಟೆಗಳ ಒಳಗೆ. ಇದಕ್ಕೆ ರೆಸ್ಟ್ ಮೆಷಿನಿಂಗ್ ಅಂತಾರೆ, ವಿಕಾರ್ವ್‌ನಂಥ ಸಾಫ್ಟ್‌ವೇರ್‌ನಲ್ಲಿ ಒಂದೇ ಟೂಲ್‌ಪಾತ್‌ಗೆ ಎರಡು ಬಿಟ್ ಕೊಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತೆ.

ಮೂರನೇ ಸರದಿ ವಿ-ಬಿಟ್‌ದು. ನನ್ನ ಪ್ರಕಾರ ಕನ್ನಡವನ್ನ ಉಳಿಸೋದು ಇದೇ. ಎಂಡ್ ಮಿಲ್‌ಗೆ ಸಂದು ತೋರಿಸಿದರೆ ಅದು "ಹೋಗ್ತೀನಿ" ಅಥವಾ "ಹೋಗಲ್ಲ" ಅಂತ ಎರಡೇ ಉತ್ತರ ಕೊಡುತ್ತೆ. ವಿ-ಬಿಟ್‌ನ ತುದಿ ಚೂಪು, ಹಾಗಾಗಿ ಅದು "ಎಷ್ಟು ಆಗುತ್ತೋ ಅಷ್ಟು ಹೋಗ್ತೀನಿ" ಅನ್ನುತ್ತೆ. ಅದು ಕೊರೆಯುವ ಅಗಲ ಅಂದ್ರೆ ಆಳದ ಎರಡರಷ್ಟನ್ನ ಕೋನದ ಅರ್ಧದ ಟ್ಯಾನ್‌ನಿಂದ ಗುಣಿಸಿದಷ್ಟು. 60 ಡಿಗ್ರಿ ಬಿಟ್ 3 ಮಿ.ಮೀ. ಇಳಿಯೋಕೆ ಸುಮಾರು 3.5 ಮಿ.ಮೀ. ಸಂದು ಬೇಕು. ಒತ್ತಿನೊಳಗಿನ ಸಂದು 2.5 ಮಿ.ಮೀ. ಮಾತ್ರ ಇದೆ ಅಂದುಕೊಳ್ಳಿ. ಆಗಲೂ ಅದು ಸುಮಾರು 2.2 ಮಿ.ಮೀ. ಆಳಕ್ಕೆ ಇಳಿಯುತ್ತೆ. ಪೂರ್ತಿ 3 ಇಲ್ಲ, ಆದರೆ ನೆರಳು ಬೀಳೋಕೆ ಅಷ್ಟು ಧಾರಾಳ. ನೆರಳು ಬಿದ್ದರೆ ಒತ್ತು ಓದೋಕೆ ಸಿಗುತ್ತೆ.

ವಿ-ಬಿಟ್‌ನಿಂದ ಇನ್ನೊಂದು ಲಾಭ ಇದೆ. ಅಕ್ಷರದ ಗೋಡೆ ನೇರವಾಗಿ ನಿಲ್ಲದೆ ಇಳಿಜಾರಾಗುತ್ತೆ, ಬುಡ ಅಗಲ ಆಗುತ್ತೆ. 3 ಮಿ.ಮೀ. ಉಬ್ಬಿಗೆ ಪ್ರತಿ ಪಕ್ಕ ಸುಮಾರು 1.7 ಮಿ.ಮೀ. ಧ ದ ಸೀಳಿನಂಥ ಸಣ್ಣ ಕಡ್ಡಿ ನೇರ ಗೋಡೆಯಲ್ಲಿದ್ದರೆ ಒರೆಸುವ ಬಟ್ಟೆ ಸಿಕ್ಕಿಕೊಂಡರೂ ಮುರಿಯಬಹುದು, ಅದರಲ್ಲೂ ಮರದ ನಾರು ಅಡ್ಡಕ್ಕೆ ಇದ್ದರೆ. ಬುಡ ಅಗಲ ಇದ್ದರೆ ನಿಲ್ಲುತ್ತೆ. ಆದರೆ ಈ ಇಳಿಜಾರಿಗೆ ಜಾಗ ಉಳಿಯಬೇಕಂದ್ರೆ ಮೊದಲೆರಡು ಬಿಟ್‌ಗಳು ಅಕ್ಷರದ ಗೆರೆಯಿಂದ ಅಷ್ಟು ದೂರದಲ್ಲೇ ನಿಲ್ಲಬೇಕು. ಇದನ್ನ ಮೊದಲೇ ಪ್ಲಾನ್ ಮಾಡದೆ ಕೊನೆಗೆ ವಿ-ಬಿಟ್ ತಂದು ಹಾಕಿದರೆ ಪ್ರಯೋಜನ ಇಲ್ಲ.

ಬಿಟ್ ಬದಲಾಯಿಸಿದ ಮೇಲೆ ಝಡ್ ಜೀರೋ ಮತ್ತೆ ಹಿಡಿಯಬೇಕು, ಯಾಕಂದ್ರೆ ಪ್ರತಿ ಬಿಟ್ ಕೋಲೆಟ್‌ನಿಂದ ಹೊರಗೆ ಚಾಚುವ ಉದ್ದ ಬೇರೆ. ಎಕ್ಸ್ ಮತ್ತು ವೈ ಮುಟ್ಟಲೇಬಾರದು. ಮೊದಲೇ ಬೋರ್ಡಿನ ಅಂಚಿನಲ್ಲಿ ಕೆರೆಯದ ಒಂದು ಪಟ್ಟಿ ಬಿಟ್ಟುಕೊಂಡರೆ ಮೂರೂ ಬಿಟ್‌ಗೆ ಅದೇ ಜಾಗದಲ್ಲಿ ಜೀರೋ ಹಿಡಿಯಬಹುದು. ವಿ-ಬಿಟ್ ಝಡ್‌ನಲ್ಲಿ 0.2 ಮಿ.ಮೀ. ತಪ್ಪಿದರೆ 60 ಡಿಗ್ರಿಯಲ್ಲಿ ಅಂಚು ಸುಮಾರು 0.12 ಮಿ.ಮೀ. ಸರಿಯುತ್ತೆ, 90 ಡಿಗ್ರಿಯಲ್ಲಿ ಪೂರ್ತಿ 0.2. ಒತ್ತಿಗೆ 60 ಡಿಗ್ರಿಯೇ ವಾಸಿ ಅಂತ ನಾನು ಹೇಳೋದು ಇದಕ್ಕೂ ಸೇರಿ. ಇಷ್ಟೆಲ್ಲ ಸೇರಿದರೂ ಒಂದು ಬೋರ್ಡಿಗೆ ಹೆಚ್ಚುವರಿಯಾಗಿ ಬೇಕಾಗೋದು ಎರಡು ಸಲ ಸ್ಪ್ಯಾನರ್ ಹಿಡಿಯೋ ಕೆಲಸ, ಎರಡು ಸಲ ಜೀರೋ, ಮತ್ತು ಚಿಕ್ಕ ಬಿಟ್‌ಗಳ ಓಟ. 30 ಗಂಟೆ ಅಂತೂ ಅಲ್ಲ.

ತಪ್ಪು ಶುರು ಆಗೋದು ಡ್ರಾಯಿಂಗ್‌ನಲ್ಲಿ

ಎಲ್ಲ ಹೊರೆಯನ್ನೂ ವರ್ಕ್‌ಶಾಪ್ ಮೇಲೆ ಹಾಕೋದು ನ್ಯಾಯ ಅಲ್ಲ. ಬಿಟ್ ಮೆಷಿನ್‌ಗೆ ಏರುವ ಮೊದಲೇ ಕನ್ನಡ ಸೋತಿರುತ್ತೆ, ಯಾಕಂದ್ರೆ ಬೋರ್ಡಿನ ಟೆಂಪ್ಲೇಟ್ ಇಂಗ್ಲಿಷಿಗೆ ಮಾಡಿದ್ದು. ಇಂಗ್ಲಿಷ್ ದೊಡ್ಡಕ್ಷರ ತನ್ನ ಸಾಲಿನ ಎತ್ತರವನ್ನ ಪೂರ್ತಿ ಬಳಸುತ್ತೆ. ಅಷ್ಟೇ ಎತ್ತರದ ಸಾಲಿನಲ್ಲಿ ಕನ್ನಡ ಕೂರಿಸಬೇಕಂದ್ರೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬಿಟ್ಟು, ಮೂಲಾಕ್ಷರ ಕುಗ್ಗಬೇಕು. ಒತ್ತು ಇನ್ನೂ ಕುಗ್ಗುತ್ತೆ. ಆಮೇಲೆ "ನೋಡಿ, ಬಿಟ್ ಹೋಗ್ತಿಲ್ಲ" ಅಂತೀವಿ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿ, ನಾಮಫಲಕದಲ್ಲಿ 60% ಕನ್ನಡ ಇರಬೇಕು, ಅದು ಮೇಲಿನ ಅರ್ಧದಲ್ಲಿ ಇರಬೇಕು ಅನ್ನುತ್ತೆ. ಒಳ್ಳೇದೇ. ಆದರೆ ಶೇಕಡಾ ಲೆಕ್ಕದಿಂದ ಒತ್ತು ಓದೋಕೆ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. 60% ಜಾಗದಲ್ಲಿ ಮೆತ್ತಿಕೊಂಡ ಅಕ್ಷರ ಇದ್ದರೆ ಅದು ಕಾನೂನಿಗೆ ಕನ್ನಡ, ಓದುಗರಿಗೆ ಒಗಟು.

ನನ್ನ ಸಲಹೆ: ಅಳತೆಯನ್ನ ತಲೆಕೆಳಗು ಮಾಡಿ ಶುರು ಮಾಡೋಣ. ಬೋರ್ಡಿನಲ್ಲಿ ಬರುವ ಅತಿ ಚಿಕ್ಕ ಸಂದು ಯಾವುದು ಅಂತ ಮೊದಲು ಹುಡುಕೋಣ. ಅದು ಸಾಮಾನ್ಯವಾಗಿ ಯಾವುದಾದರೂ ಒತ್ತಿನೊಳಗೆ ಇರುತ್ತೆ. ಆ ಸಂದು ಕನಿಷ್ಠ 2.5 ಮಿ.ಮೀ. ಆಗುವವರೆಗೆ ಇಡೀ ಪದವನ್ನ ದೊಡ್ಡದು ಮಾಡೋಣ. ಬೋರ್ಡಿನ ಅಳತೆ ಆಮೇಲೆ ತಾನಾಗೇ ಬರುತ್ತೆ. ಇಂಗ್ಲಿಷ್ ಉಳಿದ ಜಾಗದಲ್ಲಿ ಆರಾಮಾಗಿ ಕೂರುತ್ತೆ, ಅದಕ್ಕೆ ಒತ್ತಿನ ತಾಪತ್ರಯ ಇಲ್ಲ.

ಫಾಂಟ್ ಆರಿಸುವಾಗಲೂ ಇದೇ ದೃಷ್ಟಿ ಇರಲಿ. ಬೋರ್ಡ್ ಅಂದ ತಕ್ಷಣ ಎಲ್ಲರೂ ಬೋಲ್ಡ್ ಕಡೆ ಕೈ ಚಾಚ್ತಾರೆ. ಬೋಲ್ಡ್‌ನಲ್ಲಿ ಗೆರೆ ದಪ್ಪ ಆಗಿ ಸಂದು ಕಿರಿದಾಗುತ್ತೆ, ಉಬ್ಬಕ್ಷರಕ್ಕೆ ಅದು ಉಲ್ಟಾ ಹೊಡೆಯುತ್ತೆ. ಬಲೂ ತಮ್ಮ ಪೋಸ್ಟರ್‌ಗೆ ಚಂದ, ಕೆತ್ತೋಕೆ ಅದರ ದಪ್ಪ ತೂಕ ಕಷ್ಟ. ಅನೇಕ್ ಕನ್ನಡದಂಥ ಫಾಂಟ್‌ನಲ್ಲಿ ತೂಕ ಮತ್ತು ಅಗಲ ಎರಡನ್ನೂ ಹೆಚ್ಚುಕಡಿಮೆ ಮಾಡಬಹುದು, ಹಾಗಾಗಿ ಮಧ್ಯಮ ತೂಕ, ಸ್ವಲ್ಪ ಅಗಲ ಇಟ್ಟುಕೊಂಡರೆ ಸಂದು ಉಳಿಯುತ್ತೆ. ಅಕ್ಷರಗಳ ನಡುವಿನ ಅಂತರವನ್ನೂ ಸ್ವಲ್ಪ ಹೆಚ್ಚಿಸಬೇಕು, ಇಲ್ಲಾಂದ್ರೆ ಒಂದು ಅಕ್ಷರದ ಒತ್ತು ಪಕ್ಕದವರ ಮನೆ ಗೋಡೆಗೆ ಅಂಟಿಕೊಳ್ಳುತ್ತೆ.

ಇನ್ನೊಂದು ವಿಷಯ ನಮ್ಮ ಕ್ಲಬ್‌ನವರಿಗೇ ಸೇರಿದ್ದು. ಕೆಲವು ಕೆತ್ತನೆ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ನೇರವಾಗಿ ಟೈಪ್ ಮಾಡಿದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಒಡೆದು ಬೀಳುತ್ತೆ. ಹಳೇ ನುಡಿ ಫಾಂಟ್‌ನ ಫೈಲ್ ತೆರೆದರೆ ಕನ್ನಡವೇ ಕಾಣಲ್ಲ. ಇದಕ್ಕೆ ಸುಲಭದ ದಾರಿ ಇದೆ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿ, ಅಕ್ಷರವನ್ನ ಪಾತ್ ಆಗಿ ಬದಲಾಯಿಸಿ, ಒಂದರ ಮೇಲೊಂದು ಬಿದ್ದ ಗೆರೆಗಳನ್ನ ಯೂನಿಯನ್ ಮಾಡಿ, ಎಸ್‌ವಿಜಿ ಫೈಲ್ ಕಳಿಸಿದರೆ ಆಯ್ತು. ಆಮೇಲೆ ಅದು ಬರೀ ಗೆರೆ, ಯಾವ ಸಾಫ್ಟ್‌ವೇರ್ ಕೂಡ ಅದನ್ನ ಒಡೆಯಲ್ಲ. ಆದರೆ ಫೈಲ್ ಮೆಷಿನ್‌ಗೆ ಹೋಗುವ ಮೊದಲು ಕನ್ನಡ ಓದೋಕೆ ಬರುವ ಒಬ್ಬರು ಸ್ಕ್ರೀನ್ ಮೇಲೆ ಅಕ್ಷರ-ಅಕ್ಷರ ನೋಡಲೇಬೇಕು. ಮೆಷಿನ್ ನಡೆಸುವವರಿಗೆ ಕನ್ನಡ ಬರಬೇಕು ಅಂತೇನಿಲ್ಲ, ಆ ಕೆಲಸ ನಮ್ಮದು.

ಅಕ್ರಿಲಿಕ್ ಇದೆಯಲ್ಲ?

ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಅಕ್ಷರ ಅಂಟಿಸೋಣ ಅಂತ ಕೆಲವರು ಹೇಳ್ತಾರೆ. ಲೇಸರ್‌ಗೆ ಒಳಮೂಲೆಯ ತೊಂದರೆ ಇಲ್ಲ, ಒತ್ತು ಸಖತ್ತಾಗಿ ಕತ್ತರಿಸುತ್ತೆ, ನಿಜ. ಆದರೆ ಕನ್ನಡದಲ್ಲಿ ಸೊನ್ನೆ, ಒತ್ತು, ಥ ದ ಚುಕ್ಕೆ ಇವು ಹಲವು ಸಲ ಮೂಲಾಕ್ಷರಕ್ಕೆ ತಾಗದೆ ಬೇರೆ ಬೇರೆ ತುಂಡುಗಳಾಗಿ ಬರುತ್ತವೆ. ಪ್ರತಿ ತುಂಡಿಗೂ ಗೋಂದು ಹಾಕಬೇಕು. ಚಿಕ್ಕ ತುಂಡಿಗೆ ಗೋಂದು ಹಿಡಿಯುವ ಜಾಗವೂ ಚಿಕ್ಕದು, ಮೊದಲು ಬೀಳೋದೂ ಅದೇ. ಒತ್ತು ಬಿದ್ದ ಬೋರ್ಡ್, ಸೊನ್ನೆ ಬಿದ್ದ ಬೋರ್ಡ್ ನಮ್ಮೂರುಗಳಲ್ಲಿ ಎಷ್ಟು ನೋಡಿಲ್ಲ ನೀವು? ಗ್ರಂಥಾಲಯದ ಸೊನ್ನೆ ಬಿದ್ದರೆ ಗ್ರಥಾಲಯ. ಒಂದೇ ಹಲಗೆಯಿಂದ ಎದ್ದು ನಿಂತ ಅಕ್ಷರಕ್ಕೆ ಗೋಂದೇ ಇಲ್ಲ, ಬೀಳುವ ಮಾತೂ ಇಲ್ಲ. ಬಣ್ಣ ಮಾಸಿದಾಗ ಮೇಲ್ಮೈ ಮೇಲೆ ಒಂದು ಸಲ ರೋಲರ್ ಓಡಿಸಿದರೆ ಅಕ್ಷರ ಮತ್ತೆ ಹೊಸದು.

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆ ಯಾಕೆ ಕೆಡಿಸ್ಕೊಳ್ತೀಯ, ಇಂಗ್ಲಿಷ್ ಎಲ್ಲರಿಗೂ ಅರ್ಥ ಆಗುತ್ತಲ್ಲ" ಅಂತ ನನ್ನ ರೂಮ್‌ಮೇಟ್ ಕೇಳಿದ. ಎಲ್ಲರಿಗೂ ಅಂದ್ರೆ ಯಾರು? ನಮ್ಮ ಬ್ಲಾಕ್ ಗುಡಿಸುವ ಅಕ್ಕಂದಿರು, ಸೆಕ್ಯುರಿಟಿ ಅಣ್ಣಂದಿರು, ಅಡ್ಮಿಷನ್ ದಿನ ಹಳ್ಳಿಯಿಂದ ಮಗಳ ಜೊತೆ ಬಂದು ಆಫೀಸ್ ರೂಮ್ ಹುಡುಕುವ ಅಪ್ಪ, ಇವರಲ್ಲಿ ಎಷ್ಟೋ ಜನ ಓದೋದು ಕನ್ನಡ ಸಾಲನ್ನೇ. ಅವರ ಸಾಲಿಗೆ ಸ್ಟಿಕ್ಕರ್, ನಮ್ಮ ಸಾಲಿಗೆ ತೇಗದ ಕೆತ್ತನೆ ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಇದು ಹೊಸ ಸಮಸ್ಯೆಯೇನಲ್ಲ

ಉಬ್ಬು ಕನ್ನಡಕ್ಕೆ ನೂರಾರು ವರ್ಷ ಮೆಷಿನ್ ಕಾಯಬೇಕಿರಲಿಲ್ಲ. ಹಳೇ ಅಚ್ಚುಕೂಟದ ಪ್ರತಿ ಮೊಳೆಯೂ ಒಂದು ಉಬ್ಬಕ್ಷರ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅರ, ಉಳಿಗಳಿಂದ ಅಕ್ಷರ ಕೆತ್ತಿ, ಅದನ್ನ ತಾಮ್ರದಲ್ಲಿ ಒತ್ತಿ, ಆ ಅಚ್ಚಿಗೆ ಸೀಸ ಹೊಯ್ದು ಮೊಳೆ ಮಾಡುತ್ತಿದ್ದರು. ಒತ್ತಕ್ಷರಕ್ಕೂ ಮೊಳೆ ಇತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯ್ತು. ಸುಮಾರು 70 ಸಾವಿರ ಪದ. ಅದರಲ್ಲಿ ಧ ದ ಸೀಳು ಇದೆ, ಥ ದ ಚುಕ್ಕೆ ಇದೆ, ಒಂದರ ಕೆಳಗೊಂದು ಒತ್ತು ಇದೆ, ಎಲ್ಲವೂ ಪುಸ್ತಕದ ಅಕ್ಷರದ ಅಳತೆಯಲ್ಲಿ. ಕರೆಂಟ್ ಇಲ್ಲದ ಕಾಲದಲ್ಲಿ ಸೀಸದ ಮೇಲೆ ನಿಂತ ಒತ್ತು, ಇವತ್ತು ಸ್ಪಿಂಡಲ್ ಇಟ್ಟುಕೊಂಡು ಅಂಗೈ ಅಗಲದ ಅಕ್ಷರದಲ್ಲಿ ನಿಲ್ಲಲ್ಲ ಅಂದ್ರೆ ಯಾರು ನಂಬ್ತಾರೆ?

ಕಂಪ್ಯೂಟರ್ ಬಂದಾಗಲೂ ಕನ್ನಡ ತನ್ನಿಂದ ತಾನೇ ಒಳಗೆ ಬರಲಿಲ್ಲ. ಕೆ. ಪಿ. ರಾವ್ ಅವರಂಥವರು ಕೂತು ಕೀಬೋರ್ಡ್ ವಿನ್ಯಾಸ ಮಾಡಿದ್ದಕ್ಕೆ ಇವತ್ತು ನಾವು ನುಡಿಯಲ್ಲಿ ಟೈಪ್ ಮಾಡ್ತೀವಿ. ಪ್ರತಿ ಹೊಸ ಉಪಕರಣಕ್ಕೂ ಯಾರೋ ಕೂತು ಕನ್ನಡದ ಅಳತೆ ಹೇಳಿಕೊಡಬೇಕಾಗುತ್ತೆ. ಈ ಮೆಷಿನ್ ನಮ್ಮ ಕಾಲೇಜಿನಲ್ಲಿದೆ, ಬಳಸೋರು ನಾವು. ಆ ಯಾರೋ ಅನ್ನೋರು ಈಗ ನಾವೇ.

ನಾನು ಕೇಳೋದು ಇಷ್ಟು

ಮೊದಲನೆಯದು, ಹೊಸ ಬ್ಲಾಕ್‌ನ ಬೋರ್ಡ್‌ಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಒಂದೇ ರೀತಿಯಲ್ಲಿ ಆಗಲಿ. ಎರಡೂ ಉಬ್ಬು, ಇಲ್ಲಾ ಎರಡೂ ಸ್ಟಿಕ್ಕರ್. ಒಂದಕ್ಕೆ ಕೆತ್ತನೆ, ಇನ್ನೊಂದಕ್ಕೆ ಅಂಟು ಬೇಡ.

ಎರಡನೆಯದು, ವರ್ಕ್‌ಶಾಪ್‌ನಲ್ಲಿ 6 ಮಿ.ಮೀ., 3 ಮಿ.ಮೀ. ಎಂಡ್ ಮಿಲ್ ಮತ್ತು 60 ಡಿಗ್ರಿ ವಿ-ಬಿಟ್ ಇರುವ ಒಂದು ಸೆಟ್, ಸರಿಯಾದ ಕೋಲೆಟ್‌ಗಳ ಜೊತೆ, ಬೋರ್ಡ್ ಕೆಲಸಕ್ಕೆ ಅಂತಲೇ ಬೇರೆ ಇಡಲಿ. ಇದರ ಖರ್ಚು ಹೊಸ ಬ್ಲಾಕ್‌ನ ಖರ್ಚಿನಲ್ಲಿ ಕಣ್ಣಿಗೂ ಕಾಣಲ್ಲ.

ಮೂರನೆಯದು, ಡ್ರಾಯಿಂಗ್ ಜವಾಬ್ದಾರಿ ನಮ್ಮ ಕ್ಲಬ್‌ಗೆ ಕೊಡಲಿ. ಪದ ಸರಿ ಇದೆಯಾ, ಒತ್ತು ಜಾಗದಲ್ಲಿದೆಯಾ, ಅತಿ ಚಿಕ್ಕ ಸಂದು ಎಷ್ಟು, ಇವನ್ನೆಲ್ಲ ನೋಡಿ ಎಸ್‌ವಿಜಿ ಮಾಡಿ ನಾವು ಕೊಡ್ತೀವಿ. ಬಿಟ್ ಬದಲಾಯಿಸುವಾಗ ಜೊತೆಗೆ ನಿಂತು ಜೀರೋ ಹಿಡಿಯೋಕೂ ನಾವು ರೆಡಿ. ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನಿಂದ ನನ್ನನ್ನೂ ಸೇರಿಸಿ ನಾಲ್ಕು ಜನ ಈಗಾಗಲೇ ಹೆಸರು ಕೊಟ್ಟಿದ್ದೀವಿ. ಬೇರೆ ಬ್ರಾಂಚ್‌ನವರೂ ಬನ್ನಿ, ಒತ್ತು ಹುಡುಕೋಕೆ ಮೆಕ್ಯಾನಿಕಲ್ ಓದಿರಬೇಕಾಗಿಲ್ಲ.

ಎಲ್ಲ ಬೋರ್ಡ್ ಒಟ್ಟಿಗೆ ಆಗಬೇಕು ಅಂತಲೂ ನಾನು ಹೇಳ್ತಿಲ್ಲ. ಒಂದರಿಂದ ಶುರು ಮಾಡೋಣ, ಅದೂ ಕಷ್ಟದ್ದರಿಂದ. "ರಾಷ್ಟ್ರೀಯ ಸೇವಾ ಯೋಜನೆ" ಅಂತ ಬರೆದ ಬೋರ್ಡ್ ಒಂದನ್ನ ಮೂರು ಬಿಟ್‌ನಲ್ಲಿ ಕೆತ್ತಿ, ಕಾರಿಡಾರ್‌ನ ಆ ತುದಿಯಲ್ಲಿ ಇಟ್ಟು, ಈ ತುದಿಯಿಂದ ಓದಿ ನೋಡೋಣ. ಆ ಟ ಒತ್ತು, ಅದರ ಜೊತೆಯ ರ ಒತ್ತು ಅಲ್ಲಿಂದ ಕಂಡರೆ ಉಳಿದ ಬೋರ್ಡ್‌ಗಳ ಬಗ್ಗೆ ಮಾತಾಡೋಣ.